ಚುಕ್ಕಿಯಿಲ್ಲದ ಬಳೆ

ಸರ್ವೇಯರ್ ಕಾರಿನ ಕೆಳಗೆ ಹೋಗಿ ಇಪ್ಪತ್ತು ನಿಮಿಷವಾಗಿತ್ತು. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು. ಅದರಲ್ಲಿ ಒಂದಕ್ಕೆ ಮಾತ್ರ ಸಾಕ್ಸ್ ಇತ್ತು.

"ಇದ್ದೀರಾ ಸರ್?" ಎಂದಳು ಅತ್ತಿಗೆ.

"ಇದ್ದೀನಮ್ಮ. ನೋಡ್ತಾ ಇದ್ದೀನಿ."

"ಏನಾದ್ರೂ ಸಿಕ್ತಾ?"

"ಇಲ್ಲ. ಸುಮ್ನೆ ನೋಡ್ತಾ ಇದ್ದೀನಿ. ಚೆನ್ನಾಗಿದೆ."

ಇಪ್ಪತ್ತಾರು ವರ್ಷದ ವಿಮಾ ಸರ್ವೇಯರ್ ಕೆಲಸದಲ್ಲಿ ಅವನು ಕಾರುಗಳ ಒಳಗೆ ಕೂತದ್ದಕ್ಕಿಂತ ಕೆಳಗೆ ಮಲಗಿದ್ದೇ ಹೆಚ್ಚು. ಗ್ಯಾರೇಜಿನವರು ಇಟ್ಟ ಹೆಸರು ಹಲ್ಲಿ. ತಳಕ್ಕೆ ಅಂಟಿಕೊಂಡರೆ ಬಿಡುವ ಪೈಕಿಯಲ್ಲ. ಒಮ್ಮೆ ಸುಟ್ಟುಹೋದ ಲಾರಿಯೊಂದರ ಬೂದಿ ಮೂಸಿ, ಇದರಲ್ಲಿ ಹೊಸ ಬಟ್ಟೆಯ ಗಂಟು ಇರಲೇ ಇಲ್ಲ, ಇದ್ದದ್ದು ಒಂದು ಹಳೇ ಸೋಫಾ, ಅದರ ಮೇಲೆ ದಿನಾ ಒಂದು ಬೆಕ್ಕು ಮಲಗುತ್ತಿತ್ತು, ಬೆಕ್ಕು ಹೆಣ್ಣು ಎಂದು ಹೇಳಿಬಿಟ್ಟಿದ್ದನಂತೆ. ಬೆಕ್ಕಿನ ವಿಷಯದಲ್ಲಿ ಮಾತ್ರ ಜನ ಸ್ವಲ್ಪ ಸೇರಿಸಿ ಹೇಳುತ್ತಾರೆ. ಅದು ಗಂಡು.

ಕಳೆದ ಭಾನುವಾರ, ಹಳೆಯ ವಿಮಾನ ನಿಲ್ದಾಣದ ಓಡುದಾರಿಯಲ್ಲಿ ನಡೆದ ಡ್ರ್ಯಾಗ್ ರೇಸಿನಲ್ಲಿ, ಅಂದರೆ ಕಾಲು ಮೈಲಿಯ ನೇರ ಓಟದಲ್ಲಿ, ಈ ಕಾರಿನ ಹಿಂದಿನ ಎಡಚಕ್ರ ತನ್ನ ದಂಡದ ಸಮೇತ ಕಳಚಿ ಹೋಗಿತ್ತು; ಓಡಿಸುತ್ತಿದ್ದ ಅತ್ತಿಗೆಯ ಮೈದುನ ಹೆಗಲ ಮೂಳೆ, ಮೂರು ಪಕ್ಕೆಲುಬು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ.

ಈಗ ಮಧ್ಯಾಹ್ನ ಮೂರು. ನಾಲ್ಕಕ್ಕೆ ರೇಸ್ ಕ್ಲಬ್ಬಿನ ಸೆಕ್ರೆಟರಿ ಬರುವವನಿದ್ದ. ತಪ್ಪು ಅತ್ತಿಗೆಯ ಕೈಯದ್ದು ಎಂದು ಸರ್ವೇಯರ್ ಬರೆದರೆ ಶೆಡ್ಡಿನ ಬಾಗಿಲಿಗೆ ಮುದ್ರೆ ಬೀಳುತ್ತದೆ, ಅವಳ ಪರವಾನಗಿ ಹೋಗುತ್ತದೆ, ಮತ್ತೆ ಬರುವುದಿಲ್ಲ.

ಅತ್ತಿಗೆ ಎನ್ನುವುದು ಅವಳ ಹೆಸರಲ್ಲ. ಮೈದುನ ಹಾಗೆ ಕೂಗುತ್ತಿದ್ದ, ರೇಸಿನವರು ಕೇಳಿಸಿಕೊಂಡರು. ಈಗ ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಸಂಕೋಚವಿಲ್ಲದೆ ಅತ್ತಿಗೆ ಎನ್ನುತ್ತಾರೆ. ಮುಂದಿನ ಕೋಣೆಯಲ್ಲಿ ಗಂಡನ ಬೇಕರಿ, ಹಿಂದಿನ ಶೆಡ್ಡಿನಲ್ಲಿ ಹೆಂಡತಿಯ ಗ್ಯಾರೇಜು. ಗಂಡನಿಗೆ ಸ್ಪ್ಯಾನರಿಗೂ ಚಮಚಕ್ಕೂ ವ್ಯತ್ಯಾಸ ತಿಳಿಯದು; ಹೆಂಡತಿ ಮಾಡಿದ ಒಂದೇ ಒಂದು ಕೇಕನ್ನು ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಇಡಲಾಗಿದೆ. ಆ ಗಂಡ ಐದು ದಿನದಿಂದ ತಮ್ಮನ ಮಂಚದ ಪಕ್ಕದಲ್ಲೇ ಇದ್ದ. ಬೇಕರಿ ಮುಚ್ಚಿತ್ತು.

"ಆಕ್ಸಲ್ ಹಿಡಿದಿರೋ ಈ ಮೇಲಿನ ತೋಳು ಯಾಕಮ್ಮ ಇಷ್ಟು ಗಿಡ್ಡ?" ಕಾರಿನ ಕೆಳಗಿನಿಂದ ಪ್ರಶ್ನೆ ಬಂತು.

"ಗಿಡ್ಡ ಇದ್ರೆ ಹೊರಡೋವಾಗ ಹಿಂದಿನ ಚಕ್ರ ನೆಲಕ್ಕೆ ಒತ್ತಿಕೊಳ್ಳುತ್ತೆ ಸರ್. ಸುಮ್ನೆ ಗರಗರ ಸುತ್ತಲ್ಲ, ಕಾರು ಹೋಗುತ್ತೆ."

"ಇನ್ನೂ ಗಿಡ್ಡ ಮಾಡಬಹುದಿತ್ತಲ್ಲ?"

"ಮಾಡಿದ್ದೆ. ಮೊಟ್ಟೆ ಒಡೀತು."

ಇಲ್ಲಿ ಮೊಟ್ಟೆಯ ವಿಷಯ ಹೇಳಬೇಕು. ಬೂದುಬಣ್ಣದ ಈ ನಾಲ್ಕು ಬಾಗಿಲಿನ ಕಾರು ಭಾನುವಾರ ಮಾತ್ರ ರೇಸಿನ ಕಾರು. ಉಳಿದ ಆರು ದಿನ ಮೈದುನ ಅದರಲ್ಲೇ ಅಂಗಡಿ ಅಂಗಡಿಗೆ ಮೊಟ್ಟೆ ಹಾಕುತ್ತಾನೆ. ಹಿಂದಿನ ಸೀಟಿನ ಮೇಲೆ ನಲವತ್ತು ಟ್ರೇ. ಭಾನುವಾರ ಕಾಲು ಮೈಲಿಯನ್ನು ಹನ್ನೊಂದು ಸೆಕೆಂಡಿನೊಳಗೆ ನುಂಗುವ ಕಾರು, ಸೋಮವಾರ ಬೆಳಿಗ್ಗೆ ರಸ್ತೆ ಉಬ್ಬುಗಳ ಮೇಲೆ ಬಾಣಂತಿಯಂತೆ ಹೋಗಬೇಕು. ಇವೆರಡನ್ನೂ ಒಂದೇ ಕಾರಿನಿಂದ ಮಾಡಿಸುವುದು, ಒಬ್ಬನೇ ಅಳಿಯ ಇಬ್ಬರು ಅತ್ತೆಯರಿಗೆ ಒಪ್ಪಿಗೆಯಾದ ಹಾಗೆ.

"ಎರಡು ತಿಂಗಳು ಮನೇಲಿ ಬರೀ ಒಡೆದ ಮೊಟ್ಟೆ ಸರ್," ಎಂದಳು ಅತ್ತಿಗೆ. "ಮೂರನೇ ತಿಂಗಳು ತೋಳನ್ನ ಅರ್ಧ ಇಂಚು ಉದ್ದ ಮಾಡ್ದೆ. ಆಮೇಲೆ ಒಂದೂ ಒಡೆದಿಲ್ಲ."

ಸರ್ವೇಯರ್ ಮಲಗಿದ್ದಲ್ಲೇ ತಲೆದೂಗಿದ. ತಲೆ ನೆಲಕ್ಕೆ ಎರಡು ಸಲ ಬಡಿಯಿತು.

ಕಾರಿಗೆ ಕಾರ್ಖಾನೆಯಿಂದ ಬಂದಿದ್ದ ಹಿಂದಿನ ಆಕ್ಸಲ್ ತೆಳ್ಳಗಿನದು. ದೊಡ್ಡ ಎಂಜಿನ್ ಕೂರಿಸಿದ ಮೊದಲ ದಿನವೇ ಕಡಲೆಕಾಯಿಯಂತೆ ಮುರಿದಿತ್ತು. ಅತ್ತಿಗೆ ಗುಜರಿಯಲ್ಲಿ ನಿವೃತ್ತ ಆಂಬುಲೆನ್ಸೊಂದರ ದಪ್ಪ ಆಕ್ಸಲ್ ಹುಡುಕಿ, ಎರಡೂ ಬದಿಯಲ್ಲಿ ನಾಲ್ಕು ನಾಲ್ಕು ಬೆರಳಗಲ ಕತ್ತರಿಸಿ ಬೆಸೆದಿದ್ದಳು. ಬೆಸುಗೆ ಮೀನಿನ ಹುರುಪೆಯಂತೆ ಒಂದರ ಮೇಲೊಂದು, ಒಂದೂ ಹೆಚ್ಚಿಲ್ಲ ಕಡಿಮೆಯಿಲ್ಲ. ಸರ್ವೇಯರ್ ಅದರ ಮೇಲೆ ಉಗುರು ಎಳೆದ. ಎಳೆದಲ್ಲೆಲ್ಲ ಒಂದೇ ಸಮನೆ ಟಿಕಟಿಕ. ಗಡಿಯಾರ ರಿಪೇರಿಯವನೂ ಹೀಗೆ ಮಾಡಲಾರ ಎಂದುಕೊಂಡ.

ಹಳೆಯ ಕಮಾನು ಪಟ್ಟಿಗಳನ್ನು ಕಿತ್ತೆಸೆದು ಸುರುಳಿ ಸ್ಪ್ರಿಂಗ್ ಹಾಕಿದ್ದಳು. ಕುಲುಕಾಟ ಹೀರುವ ಶಾಕ್ ಅಬ್ಸಾರ್ಬರುಗಳ ಗುಂಡಿಯ ಮೇಲೆ ಎರಡು ಗೆರೆ: ಬಿಳಿ ಗೆರೆ ಮೊಟ್ಟೆಗೆ, ಕೆಂಪು ಗೆರೆ ಭಾನುವಾರಕ್ಕೆ. ತಿರುಗಿಸಲು ಸ್ಪ್ಯಾನರೂ ಬೇಡ. ಮೈದುನನ ಬುದ್ಧಿ ಗೊತ್ತಿದ್ದವಳು ಮಾಡಿದ ಕೆಲಸ.

"ಅಮ್ಮಾ, ನಾನು ಇಪ್ಪತ್ತಾರು ವರ್ಷದಲ್ಲಿ ಬೈಯೋದಕ್ಕೆ ಏನೂ ಸಿಗದೆ ಇರೋ ಕಾರು ನೋಡಿದ್ದು ಇದೇ ಮೊದಲು," ಎಂದ ಅವನು ಹೊರಗೆ ತೆವಳಿ ಬಂದು. "ಭಯ ಆಗ್ತಿದೆ."

"ಯಾಕೆ ಸರ್?"

"ಇಷ್ಟು ಚೆನ್ನಾಗಿ ಮಾಡಿದವಳು ಅದೊಂದು ಕೆಟ್ಟ ಕೆಲಸ ಮಾಡಿದ್ದಾಳೆ ಅಂತ ನಾನು ಹೇಗೆ ಬರೀಲಿ?"

ಅದೊಂದು ಕೆಟ್ಟ ಕೆಲಸ ಮೇಜಿನ ಮೇಲೆ, ಬಿಳಿ ಬಟ್ಟೆಯಲ್ಲಿ ಇತ್ತು. ಎರಡು ಬೆರಳಗಲದ ಉಕ್ಕಿನ ಉಂಗುರ. ಶೆಡ್ಡಿನವರ ಮಾತಿನಲ್ಲಿ ಬಳೆ.

ಚಕ್ರ ಕೂರುವ ದಂಡಕ್ಕೆ ಬೇರಿಂಗ್ ಹಾಕಿ, ಅದರ ಹಿಂದೆ ಈ ಬಳೆಯನ್ನು ತೊಡಿಸುತ್ತಾರೆ. ಕಾಯಿಸಿದಾಗ ಹಿಗ್ಗಿ ದಂಡದ ಮೇಲೆ ಜಾರುತ್ತದೆ. ತಣ್ಣಗಾದ ಮೇಲೆ ಎಮ್ಮೆ ಕಟ್ಟಿ ಎಳೆದರೂ ಬರುವುದಿಲ್ಲ. ಚಕ್ರ ಕಾರಿನಲ್ಲಿ ಉಳಿಯುವುದು ಆ ಬಳೆಯ ಹಿಡಿತದಿಂದ. ಭಾನುವಾರ ಎಡಗಡೆಯ ಬಳೆ ಹಿಡಿತ ಬಿಟ್ಟು ಸರಿದಿತ್ತು. ದಂಡ ಹೊರಗೆ ಹೋಯಿತು. ಬಳೆ ಒಂಟಿಯಾಗಿ ಆಕ್ಸಲಿನ ಕೊಳವೆಯೊಳಗೆ ಬಿದ್ದಿತ್ತು.

"ಇನ್ನೊಂದು ಸಲ ಹೇಳಮ್ಮ. ನೀನು ಹೇಗೆ ಕಾಯಿಸ್ತೀಯ?"

"ಬೇಕರಿ ಒಲೇಲಿ. ಬನ್ನಿಗೆ ಇನ್ನೂರು ಡಿಗ್ರಿ, ಬಳೆಗೆ ಇನ್ನೂರಿಪ್ಪತ್ತು. ಕೊನೇ ಬನ್ನು ತೆಗೆದ ಮೇಲೆ ಬಳೆ ಇಡೋದು. ಜೇನಿನ ಬಣ್ಣ ಬಂದ್ರೆ ಹದ. ತೊಡಿಸಿ, ಮೇಲೆ ಪಂಚಿನಿಂದ ಒಂದು ಚುಕ್ಕಿ ಹೊಡೀತೀನಿ. ನನ್ನ ಕೆಲಸ ಅಂತ ಗುರುತು."

"ಇದರಲ್ಲಿ ಚುಕ್ಕಿ ಇಲ್ಲ."

"ಇಲ್ಲ. ಬಣ್ಣನೂ ನಂದಲ್ಲ."

ಬಳೆಯ ಒಂದು ಮಗ್ಗುಲು ನವಿಲುಗರಿಯಷ್ಟು ನೀಲಿ. ನೀಲಿ ಬಂತೆಂದರೆ ಉಕ್ಕು ಮಿತಿಮೀರಿ ಕಾದಿದೆ, ಹದ ಕೆಟ್ಟಿದೆ, ಇನ್ನು ಅದು ಹಿಡಿಯುವುದಿಲ್ಲ. ಓಡುವಾಗ ದಂಡಕ್ಕೆ ಉಜ್ಜಿ ಕಾದಿದ್ದರೆ ನೀಲಿ ಸುತ್ತಲೂ ಸಮನಾಗಿರುತ್ತದೆ. ಇದು ಒಂದೇ ಕಡೆ ಕಣ್ಣೀರ ಹನಿಯ ಆಕಾರದಲ್ಲಿತ್ತು. ಒಲೆಯಲ್ಲ, ಗ್ಯಾಸ್ ಟಾರ್ಚು. ಅವಳು ಮಾಡಿದ ಮೇಲೆ ಯಾರೋ ಬಿಚ್ಚಿ, ಹೊಸ ಬಳೆ ಹಾಕಿದ್ದಾರೆ.

"ಈ ಮನೇಲಿ ಟಾರ್ಚಲ್ಲಿ ಕಾಯಿಸೋರು ಯಾರು?"

ನೋಡಬಾರದು ಎಂದುಕೊಂಡರೂ ಅತ್ತಿಗೆಯ ಕಣ್ಣು ಶೆಡ್ಡಿನ ಮೂಲೆಗೆ ಹೋಗಿ ಬಂತು.

ಮೂಲೆಯಲ್ಲಿ, ಯಾವುದೋ ಬಸ್ಸಿನಿಂದ ಕಿತ್ತ ಸೀಟಿನ ಮೇಲೆ ಮಾವ ಕೂತಿದ್ದರು. ಶೆಡ್ಡು ಕಟ್ಟಿದವರು ಅವರೇ. ವಯಸ್ಸು ಎಪ್ಪತ್ತಾರು. ಕಣ್ಣಿಗೆ ಪೊರೆ ಬಂದು ಮೂರು ವರ್ಷವಾಗಿತ್ತು. ಇದು ಯಾರಿಗೂ ಗೊತ್ತಿಲ್ಲ ಎಂದು ಅವರು ನಂಬಿದ್ದರು, ಗೊತ್ತಿಲ್ಲದ ಹಾಗೆ ಮನೆಯವರು ನಡೆದುಕೊಳ್ಳುತ್ತಿದ್ದರು. ಮಾವ ಈಗ ಹೋದ ವಾರದ ಪೇಪರನ್ನು ಬಹಳ ಗಂಭೀರವಾಗಿ ಓದುತ್ತಿದ್ದರು.

ಸರ್ವೇಯರ್ ಬಳೆ ಹಿಡಿದು ಅವರ ಪಕ್ಕ ಕೂತ.

"ಏನು ಸುದ್ದಿ ಯಜಮಾನ್ರೆ?"

"ಏನಿರುತ್ತೆ. ಬೆಲೆ ಏರಿದೆ."

"ಈ ವಾರದ್ದರಲ್ಲಿ ಇಳಿದಿದೆಯಂತೆ."

ಮಾವ ಪೇಪರು ಮಡಿಸಿದರು. "ಸುತ್ತಿ ಬಳಸಿ ಬರಬೇಡಿ. ಕೇಳೋದು ಕೇಳಿ."

"ಇದು ಸರಿಯಾಗಿ ಕಾದಿದೆಯಾ ನೋಡಿ ಹೇಳಿ."

ಮಾವ ಬಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಆ ಕಡೆ ಈ ಕಡೆ ತಿರುಗಿಸಿದರು. ಐವತ್ತು ವರ್ಷ ಉಕ್ಕು ಹಿಡಿದ ಕೈ. ತಿರುಗಿಸುವ ರೀತಿ ನೋಡಿದರೆ ಯಾರಾದರೂ ನಂಬಬೇಕು.

"ಹದವಾಗಿದೆ," ಎಂದರು. "ಒಳ್ಳೇ ಜೇನಿನ ಬಣ್ಣ."

ಅತ್ತಿಗೆ ಗೋಡೆಯ ಕಡೆ ತಿರುಗಿ, ಸಾಲಾಗಿ ನೇತು ಹಾಕಿದ್ದ ಸ್ಪ್ಯಾನರುಗಳನ್ನು ಮತ್ತೆ ಸಾಲಾಗಿ ನೇತು ಹಾಕತೊಡಗಿದಳು.

"ಯಜಮಾನ್ರೆ," ಎಂದ ಸರ್ವೇಯರ್ ಮೆಲ್ಲಗೆ, "ಅದು ನೀಲಿ."

ಮಾವ ಬಳೆಯನ್ನು ತೊಡೆಯ ಮೇಲಿಟ್ಟುಕೊಂಡರು. ಸ್ವಲ್ಪ ಹೊತ್ತು ಅದನ್ನು ಹೆಬ್ಬೆರಳಿನಿಂದ ಒರೆಸುತ್ತ ಕೂತರು, ಒರೆಸಿದರೆ ಬಣ್ಣ ಹೋಗುತ್ತದೇನೋ ಎಂಬಂತೆ.

"ಶನಿವಾರ ಮಧ್ಯಾಹ್ನ," ಎಂದರು ಕೊನೆಗೆ. "ಇವಳು ಬಿಡಿಭಾಗ ತರೋಕೆ ಹೋಗಿದ್ಲು. ಅವನು ಮೊಟ್ಟೆ ಹಾಕಿ ಬಂದು ಕಾರು ನಿಲ್ಲಿಸಿ ಊಟಕ್ಕೆ ಹೋದ. ಕಾರು ಒಳಗೆ ಬರೋವಾಗ ಬೇರಿಂಗ್ ಹೂಂ ಅಂತಿತ್ತು. ಸಣ್ಣದಾಗಿ. ನಿಮಗೆಲ್ಲ ಕೇಳಿಸಲ್ಲ. ಬೇರಿಂಗು ಕಂಪನಿಯವನು ಕೆಟ್ಟದ್ದು ಕೊಟ್ಟಿದ್ದಾನೆ, ಇವಳ ತಪ್ಪಲ್ಲ. ಮಾರನೇ ದಿನ ರೇಸು. ಬಿಚ್ಚಿ ಹೊಸದು ಹಾಕಿದೆ. ಒಂದೂವರೆ ಗಂಟೆ."

"ಒಬ್ರೇ?"

"ಮತ್ತೆ ಬ್ಯಾಂಡ್ ಸೆಟ್ ಕರೀಬೇಕಿತ್ತಾ?"

ಎಪ್ಪತ್ತಾರರ ವಯಸ್ಸು, ಮಂಜು ಕವಿದ ಕಣ್ಣು, ಒಬ್ಬರೇ ಕೂತು ಚಕ್ರ ಬಿಚ್ಚಿ, ದಂಡ ಎಳೆದು, ಬೇರಿಂಗ್ ಬದಲಿಸಿ, ಮತ್ತೆ ಜೋಡಿಸಿ, ಕೈ ತೊಳೆದು, ಯಾರಿಗೂ ಗೊತ್ತಾಗದ ಹಾಗೆ ಪೇಪರು ಹಿಡಿದು ಕೂತುಬಿಟ್ಟಿದ್ದಾರೆ. ಸರ್ವೇಯರಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೇನೋ. ಅವನಿಗೆ ಇನ್ನೂ ಐವತ್ತೆರಡು, ಬೆಳಿಗ್ಗೆ ಎರಡನೇ ಸಾಕ್ಸ್ ಸಿಕ್ಕಿರಲಿಲ್ಲ.

"ನನಗೊಂದು ಮಾತು ಹೇಳಬಾರದಿತ್ತಾ ಮಾವ?" ಅತ್ತಿಗೆ ತಿರುಗದೆಯೇ ಕೇಳಿದಳು.

"ಹೇಳಿದ್ರೆ ನೀನು ಬಿಡ್ತಿದ್ದೆಯಾ? ಕೂತ್ಕೊಳ್ಳಿ ಮಾವ, ಟೀ ಕುಡೀರಿ ಮಾವ ಅಂತಿದ್ದೆ. ಮೂರು ವರ್ಷದಿಂದ ಟೀ ಕುಡೀತಾನೇ ಇದ್ದೀನಿ ಕಣಮ್ಮ."

"ಚುಕ್ಕಿನಾದ್ರೂ ಹೊಡೀಬಹುದಿತ್ತು."

"ಚುಕ್ಕಿ ನಿಂದು. ನನ್ನ ಕೆಲಸಕ್ಕೆ ನಿನ್ನ ಗುರುತು ಯಾಕೆ ಹಾಕ್ಲಿ? ಹೆಚ್ಚುಕಮ್ಮಿ ಆದ್ರೆ ನಿನ್ನ ತಲೆಗೆ ಬರುತ್ತೆ."

ಹೆಚ್ಚುಕಮ್ಮಿ ಆಗಿಯೇ ಇತ್ತು, ಅವಳ ತಲೆಗೆ ಬಂದೂ ಇತ್ತು. ಸರ್ವೇಯರ್ ಜೇಬಿನಿಂದ ವರದಿಯ ಹಾಳೆ ತೆಗೆದ. ಕೇಸು ಮುಗಿದಿತ್ತು, ಮುಗಿದದ್ದು ಅವನಿಗೆ ಸ್ವಲ್ಪವೂ ಇಷ್ಟವಾಗಿರಲಿಲ್ಲ.

ಆಗ ಅತ್ತಿಗೆ ತಿರುಗಿದಳು.

"ಮಾವ, ಹೂಂ ಅಂತಿದ್ದದ್ದು ಯಾವ ಕಡೆ?"

"ಬಲಗಡೆ."

"ಬಲಗಡೆನಾ?"

"ಕಣ್ಣು ಹೋಗಿದೆ, ಕಿವಿ ಹೋಗಿಲ್ಲ. ಗೋಡೆ ಕಡೆ ಚಕ್ರ. ಬಿಚ್ಚೋವಾಗ ಗೋಡೆಗೆ ಮೊಣಕೈ ತಗುಲಿ ಕೆತ್ತಿದೆ, ನೋಡು." ಮಾವ ತೋಳು ಮಡಿಸಿ ತೋರಿಸಿದರು. ಮೊದಲ ಸಲ ಅವರಾಗಿಯೇ ಕಣ್ಣಿನ ಮಾತೆತ್ತಿದ್ದು ಅವರಿಗೇ ಗೊತ್ತಾಗಲಿಲ್ಲ.

ಕಳಚಿ ಹೋದದ್ದು ಎಡಗಡೆಯ ಚಕ್ರ. ಬಲಗಡೆಯದು ಇನ್ನೂ ಕಾರಿನಲ್ಲೇ ಇತ್ತು.

ಅತ್ತಿಗೆ ಆಗಲೇ ಸ್ಪ್ಯಾನರ್ ಹಿಡಿದಿದ್ದಳು. ಗಡಿಯಾರ ಮೂರು ಮೂವತ್ತೈದು ತೋರಿಸುತ್ತಿತ್ತು. ಚಕ್ರ ಬಿಚ್ಚಿದಳು, ಬ್ರೇಕ್ ಡ್ರಮ್ಮು ಎಳೆದಿಟ್ಟಳು, ಬೇರಿಂಗಿನ ತಟ್ಟೆಯ ನಾಲ್ಕು ನಟ್ಟುಗಳನ್ನು ಬಿಚ್ಚಿ ಬಲಗೈಯಿಂದ ಎಡಗೈಗೆ, ಎಡಗೈಯಿಂದ ಡಬ್ಬಿಗೆ ಹಾಕಿದಳು. ನೋಡದೆ. ಒಂದೂ ಕೆಳಗೆ ಬೀಳಲಿಲ್ಲ. ಎಳೆಯುವ ಸುತ್ತಿಗೆ ಸಿಕ್ಕಿಸಿ ಮೂರು ಏಟು ಕೊಟ್ಟಳು. ಮೂರನೆಯ ಏಟಿಗೆ ದಂಡ ಎಣ್ಣೆ ತೊಟ್ಟಿಕ್ಕುತ್ತ ಹೊರಗೆ ಬಂತು, ಬೇರಿಂಗ್, ಬಳೆ ಸಮೇತ.

ಅವಳು ಸೆರಗಿನಿಂದಲೇ ಬಳೆ ಒರೆಸಿದಳು. ಸರ್ವೇಯರ್ ದೀಪ ತಂದ.

ಚುಕ್ಕಿ ಇರಲಿಲ್ಲ. ಬಣ್ಣ ಮಾತ್ರ ಜೇನು. ಸುತ್ತಲೂ, ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ, ಬಿಸಿಲಿಗಿಟ್ಟ ಜೇನಿನ ಬಾಟಲಿಯ ಬಣ್ಣ. ಟಾರ್ಚಿನಲ್ಲಿ ಹೀಗೆ ಕಾಯಿಸಲು ಕಣ್ಣಿದ್ದವರಿಗೂ ಆಗುವುದಿಲ್ಲ.

"ಹೇಗೆ ಮಾಡಿದ್ರಿ ಯಜಮಾನ್ರೆ?" ಸರ್ವೇಯರನ ದನಿ ತಗ್ಗಿತ್ತು.

"ತಿರುಗಿಸ್ತಾ ಇರಬೇಕು, ನಿಲ್ಲಿಸಬಾರದು. ಮಧ್ಯೆ ಮಧ್ಯೆ ಒಂದು ಹನಿ ನೀರು ಹಾಕಬೇಕು. ಚುರ್ ಅಂದ್ರೆ ಇನ್ನೂ ಬೇಕು. ಹನಿ ಟಕ್ ಅಂತ ಹಾರಿ ಹೋದ್ರೆ ಸಾಕು. ಬಣ್ಣ ಯಾವನಿಗೆ ಬೇಕು?"

ಅತ್ತಿಗೆ ಬಳೆಯ ಮೇಲಿಂದ ಬೆರಳು ತೆಗೆಯಲೇ ಇಲ್ಲ. "ಸರ್, ಒಲೆಯಲ್ಲಿ ನಂದೂ ಇಷ್ಟು ಸಮ ಬರಲ್ಲ," ಎಂದಳು. ಹೇಳುವಾಗ ಅವಳ ಮುಖದಲ್ಲಿ ಸೋತವಳ ಕಳೆ ಇರಲಿಲ್ಲ, ಗೆದ್ದವಳದಿತ್ತು.

ಸರ್ವೇಯರ್ ಎರಡು ಬಳೆಗಳನ್ನೂ ಅಕ್ಕಪಕ್ಕ ಇಟ್ಟ. ಒಂದು ಜೇನು, ಒಂದು ನೀಲಿ. ಒಬ್ಬ ಮನುಷ್ಯ ಒಂದೇ ಮಧ್ಯಾಹ್ನ ಇವೆರಡನ್ನೂ ಮಾಡಲಾರ.

"ಯಜಮಾನ್ರೆ, ಎಡಗಡೆ?"

"ಎಡಗಡೆ ನಾನು ಮುಟ್ಟೇ ಇಲ್ಲ. ಅದು ಚೆನ್ನಾಗಿ ಓಡ್ತಿತ್ತಲ್ಲ."

ಅಂದರೆ ಶನಿವಾರ ಮಧ್ಯಾಹ್ನದ ನಂತರ, ಭಾನುವಾರದ ಓಟಕ್ಕೆ ಮುಂಚೆ, ಮೂರನೆಯ ಒಂದು ಕೈ ಈ ಕಾರಿನ ಕೆಳಗೆ ಹೋಗಿ ಬಂದಿದೆ.

"ಬಲಗಡೆ ಬೇರಿಂಗ್ ಬದಲಿಸಿದ ವಿಷಯ ಯಾರಿಗಾದ್ರೂ ಹೇಳಿದ್ರಾ?"

"ಹೆಂಡತಿ ಫೋಟೊಗೂ ಹೇಳಿಲ್ಲ."

ಹೊರಗೆ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು. ಸೆಕ್ರೆಟರಿ ಹತ್ತು ನಿಮಿಷ ಮುಂಚೆಯೇ ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕಂಕುಳಲ್ಲಿ ಫೈಲು. ಗ್ಯಾರೇಜಿನಲ್ಲಿ ಎಲ್ಲಿಯೂ ಒರಗದೆ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡ ಮನುಷ್ಯ.

"ನನಗೂ ಬೇಜಾರೇ ಅತ್ತಿಗೆ," ಎಂದ. "ನಿಮ್ಮಂಥ ಕೆಲಸ ಮಾಡೋರು ಇನ್ನೊಬ್ಬರಿಲ್ಲ. ಆದ್ರೆ ನಿಯಮ. ಸರ್ವೇಯರ್ ಸಾಹೇಬ್ರೆ, ಏನು ಬರೆದ್ರಿ?"

"ಇನ್ನೂ ಬರೆದಿಲ್ಲ. ಒಂದು ವಾರ ಬೇಕು."

"ವಾರ ಆಗಲ್ಲ. ಇವತ್ತು ತಪ್ಪು ಯಾರದ್ದು ಅಂತ ಗೊತ್ತಾಗಬೇಕು. ಗೊತ್ತಾಗದಿದ್ರೆ ಗ್ಯಾರೇಜಿಂದೇ ಅಂತ ಲೆಕ್ಕ. ಮುದ್ರೆ ತಂದಿದ್ದೀನಿ."

ಅತ್ತಿಗೆ ಶೆಡ್ಡನ್ನು ಒಮ್ಮೆ ನೋಡಿದಳು. ಗೋಡೆಯ ಸ್ಪ್ಯಾನರುಗಳನ್ನು, ಮೂರು ಚಕ್ರದ ಮೇಲೆ ನಿಂತಿದ್ದು ಈಗ ಎರಡಕ್ಕಿಳಿದ ಕಾರನ್ನು. ಬೇಡಿಕೊಳ್ಳುವ ಮಾತು ಅವಳ ಬಾಯಿಗೆ ಬರುವುದಿಲ್ಲ, ಬರಲೂ ಇಲ್ಲ.

ಬಸ್ಸಿನ ಸೀಟು ಕಿರುಗುಟ್ಟಿತು. ಮಾವ ಎದ್ದು ನಿಂತಿದ್ದರು.

"ಆ ನೀಲಿ ಬಳೆ ಹಾಕಿದ್ದು ನಾನು," ಎಂದರು. "ಇವಳಿಗೆ ಗೊತ್ತಿಲ್ಲದ ಹಾಗೆ ಹಾಕಿದೆ. ನನಗೆ ಕಣ್ಣು ಕಾಣಲ್ಲ. ಬರ್ಕೊಳ್ಳಿ."

"ಮಾವ, ಸುಳ್ಳು ಹೇಳಬೇಡಿ."

"ಮಗಳೇ, ನನ್ನ ಕೈಗೆ ಇನ್ನು ಯಾವನೂ ಕೆಲಸ ಕೊಡಲ್ಲ. ನಿನ್ನ ಕೈಗೆ ಇನ್ನೂ ಮೂವತ್ತು ವರ್ಷ ಇದೆ. ಸುಮ್ನಿರು."

ಸೆಕ್ರೆಟರಿ ಆಶ್ಚರ್ಯಪಡಲಿಲ್ಲ. ನಿಟ್ಟುಸಿರಿಟ್ಟ, ಫೈಲು ತೆರೆದ, ಟೈಪಾದ ಹಾಳೆಯೊಂದನ್ನು ಮೇಜಿನ ಮೇಲಿಟ್ಟು, ಪೆನ್ನಿನ ಮುಚ್ಚಳ ತಾನೇ ತೆಗೆದು ಮುದುಕರ ಬೆರಳಿಗೆ ಸಿಕ್ಕಿಸಿದ.

"ದೊಡ್ಡ ಮನಸ್ಸು ನಿಮ್ಮದು. ಹೀಗಾಗುತ್ತೆ ಅಂತ ಅಂದ್ಕೊಂಡೇ ಹೇಳಿಕೆ ಟೈಪ್ ಮಾಡಿಸ್ಕೊಂಡು ಬಂದೆ. ಇಲ್ಲಿ ಸಹಿ."

"ಎಲ್ಲಿ?"

"ಇಲ್ಲಿ." ಮಾವನ ಕೈ ಹಿಡಿದು ಜಾಗ ತೋರಿಸಿದ.

ಸರ್ವೇಯರ್ ಮೇಜಿನ ಎದುರು ಬದಿಯಲ್ಲಿದ್ದ. ಬೇರೆಯವರ ಕಾಗದವನ್ನು ತಲೆಕೆಳಗಾಗಿ ಓದುವುದು ಅವನ ಹೊಟ್ಟೆಪಾಡು. ಮೂರನೆಯ ಸಾಲಿಗೆ ಬಂದು ಅಲ್ಲೇ ನಿಂತ. 'ಶನಿವಾರ ಮಧ್ಯಾಹ್ನ ನಾನು ಬಲಗಡೆಯ ಬೇರಿಂಗ್ ಬದಲಿಸಿದ ನಂತರ, ಎಡಗಡೆಯದನ್ನೂ ಬಿಚ್ಚಿ…'

ಬಲಗಡೆಯ ವಿಷಯ ಮುದುಕರ ಬಾಯಿಂದ ಹೊರಗೆ ಬಿದ್ದು ಅರ್ಧ ಗಂಟೆಯೂ ಆಗಿರಲಿಲ್ಲ. ಹಾಳೆಯ ಮೂಲೆಯಲ್ಲಿ ನಿನ್ನೆಯ ತಾರೀಖಿತ್ತು.

ಅವನು ಹಾಳೆಯ ಮೇಲೆ ಅಂಗೈ ಊರಿದ. ಪೆನ್ನು ಅವನ ಕಿರುಬೆರಳಿಗೆ ಚುಚ್ಚಿ ನಿಂತಿತು.

"ಸೆಕ್ರೆಟರಿ ಸಾಹೇಬ್ರೆ, ಬಲಗಡೆ ಬೇರಿಂಗಿನ ವಿಷಯ ನಿಮಗೆ ಯಾರು ಹೇಳಿದ್ದು?"

ಸೆಕ್ರೆಟರಿ ತಡವರಿಸುತ್ತಾನೆ ಎಂದು ಸರ್ವೇಯರ್ ಎಣಿಸಿದ್ದ. ಅವನು ತಡವರಿಸಲಿಲ್ಲ.

"ನೋಡಿದವರೇ ಹೇಳಿದ್ದು," ಎಂದ. "ನಿನ್ನೆ ಸಂಜೆ ನನ್ನ ಮನೆಗೆ ಬಂದಿದ್ರು. ಎರಡೂ ಕಡೆ ಬಿಚ್ಚಿದ್ದನ್ನ ಕಣ್ಣಾರೆ ನೋಡಿದ್ದೀನಿ ಅಂತ ಬರೆದು ಕೊಟ್ಟಿದ್ದಾರೆ."

ಫೈಲಿನಿಂದ ಇನ್ನೊಂದು ಹಾಳೆ ತೆಗೆದು, ಸರ್ವೇಯರಿಗೆ ಕೊಡದೆ, ಅತ್ತಿಗೆಯ ಕೈಗೆ ಕೊಟ್ಟ.

ಅತ್ತಿಗೆ ಓದಿದಳು. ಪುಟದ ಕೊನೆಗೆ ಬಂದು, ಅಲ್ಲಿದ್ದ ಸಹಿಯ ಮೇಲೆ ಎಣ್ಣೆಯ ಬೆರಳಿಟ್ಟಳು. ಹನ್ನೆರಡು ವರ್ಷದಿಂದ ಮನೆಯ ಎಲ್ಲ ಕಾಗದದ ಮೇಲೂ ತನ್ನ ಸಹಿಯ ಪಕ್ಕದಲ್ಲಿ ನೋಡುತ್ತ ಬಂದ ಸಹಿ.

"ಅವರದ್ದೇ," ಎಂದಳು.

ಮಾವ ಪೆನ್ನು ಹಿಡಿದ ಕೈಯನ್ನು ಮೇಜಿನ ಮೇಲೆ ಹಾಗೆಯೇ ಇಟ್ಟುಕೊಂಡು ಅವಳ ದನಿ ಬಂದ ಕಡೆ ಮುಖ ತಿರುಗಿಸಿದರು.

"ಯಾರದ್ದು ಮಗಳೇ?"

ಅತ್ತಿಗೆ ಅವರ ಬೆರಳಿನಿಂದ ಪೆನ್ನು ಬಿಡಿಸಿ, ಮಾವ ಮುಟ್ಟೇ ಇರದ ಎಡಗಡೆಯ ನೀಲಿ ಬಳೆಯ ಪಕ್ಕ ಗಂಡನ ಹೇಳಿಕೆಯನ್ನು ಇಟ್ಟಳು.